ಯಾವ ಕಡ್ಡಿಗೆ ಹಣ್ಣು?

ಕಳೆದ ಕಂತಿನಲ್ಲಿ ಇಲ್ಲಿನ ಚಳಿಗೆ ಮೊಸರು ಹೆಪ್ಪಾಗದ ಕಷ್ಟ ತೋಡಿಕೊಂಡಿದ್ದೆ. ಓವನ್ ಲೈಟ್ ಹಾಕಿ ಒಳಗಿಡು, ಹಸಿಮೆಣಸಿನಕಾಯಿ ತೊಟ್ಟು ಹಾಕು, ಕಂಬಳಿ ಸುತ್ತು ಅಂತ ತುಂಬ ಜನ ಬರೆದಿರಿ. ಓವನ್ ಲೈಟ್ ಗೆದ್ದಿತು. ಎಲ್ಲರಿಗೂ ಥ್ಯಾಂಕ್ಸ್.

ಈ ಸಲ ಕತ್ತರಿ ಪ್ರಸಂಗ.

ನಾವಿರೋದು ರೆಡಿಂಗ್‌ನಲ್ಲಿ, ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ. ಮನೆಗೆ ಹಿತ್ತಲಿಲ್ಲ. ಅದಕ್ಕೇ ಅಲಾಟ್‌ಮೆಂಟಿಗೆ ಹೆಸರು ಬರೆಸಿದ್ದೆವು. ಹಾಗಂದ್ರೆ ಊರಿನ ಕೌನ್ಸಿಲ್ ಒಂದು ದೊಡ್ಡ ಜಾಗವನ್ನು ಪಟ್ಟಿ ಪಟ್ಟಿ ಮಾಡಿ, ತರಕಾರಿ, ಹಣ್ಣು ಬೆಳೆದುಕೊಳ್ಳಿ ಅಂತ ಜನರಿಗೆ ವರ್ಷದ ಬಾಡಿಗೆಗೆ ಕೊಡೋದು. ಇದಕ್ಕೆ 1908ರ ಕಾನೂನೇ ಇದೆ. ಅಳತೆ ಇವತ್ತಿಗೂ ರಾಡ್ ಲೆಕ್ಕದಲ್ಲಿ. ಪೂರ್ತಿ ಪ್ಲಾಟ್ ಅಂದ್ರೆ 10 ರಾಡ್, ಸುಮಾರು 250 ಚದರ ಮೀಟರ್. ಮೂರು ವರ್ಷ ಕಾದ ಮೇಲೆ ನಮಗೆ ಸಿಕ್ಕಿದ್ದು ಅದರಲ್ಲಿ ಅರ್ಧ. ನಮ್ಮ ಲೆಕ್ಕದಲ್ಲಿ ಒಂದೂಕಾಲು ಗುಂಟೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ನಕ್ಕು, "ಬಾಳ ದೊಡ್ಡ ಜಮೀನದಾರ್ತಿ ಆದೆಲ್ಲವಾ" ಅಂದಿದ್ದ.

ಕೀಲಿ ಕೈಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಹೋಗಿ ನೋಡಿದರೆ ಒಂದು ಮುರುಕಲು ಶೆಡ್, ಹುಲ್ಲು, ಮತ್ತೆ ಎರಡು ಸಾಲು ಒಣಕಲು ಕಡ್ಡಿಗಳು. ಎದೆಮಟ್ಟ ಕಂದು ಕಡ್ಡಿ, ಒಂದೆಲೆ ಇಲ್ಲ, ಸಣ್ಣ ಸಣ್ಣ ಮುಳ್ಳು. ಕಸಬರಿಗೆಯನ್ನು ಉಲ್ಟಾ ನೆಟ್ಟ ಹಾಗೆ. ರಾಸ್ಪ್‌ಬೆರಿ ಅಂತ ಗೊತ್ತಾದದ್ದು ಸಾಲಿನ ತುದಿಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಲೇಬಲ್ಲಿನಿಂದ. ಅದರ ಮೇಲೆ 'ಆಟಮ್ ಬ್ಲಿಸ್' ಅಂತಿತ್ತು. ಶರತ್ಕಾಲದಲ್ಲಿ ಹಣ್ಣು ಕೊಡೋ ಜಾತಿ.

ಮನೆಗೆ ಬಂದು ಹುಡುಕಿದೆ. ಎಲ್ಲ ವಿಡಿಯೋದಲ್ಲೂ ಒಂದೇ ಮಾತು. ಶರತ್ಕಾಲದ ರಾಸ್ಪ್‌ಬೆರಿಯನ್ನು ಫೆಬ್ರವರಿಯಲ್ಲಿ ಬುಡಮಟ್ಟ ಕಡಿಯಿರಿ, ಒಂದೂ ಬಿಡಬೇಡಿ, ಹೆದರಬೇಡಿ. ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಅಂತ ಒಬ್ಬರು ಟೀ ಕುಡಿಯುತ್ತಾ ಹೇಳಿದರು.

ನಾನು ಹೆದರಲಿಲ್ಲ. ಮುಂದಿನ ಶನಿವಾರ ಹೋಗಿ ಒಂದೂವರೆ ಗಂಟೆಯಲ್ಲಿ ಎರಡೂ ಸಾಲನ್ನು ನೆಲಸಮ ಮಾಡಿದೆ. ಎರಡೂ ಸಾಲು!

ನಿಮ್ಮಲ್ಲಿ ಯಾರಾದರೂ ಟೆಸ್ಟ್ ಸರ್ವರ್ ಅಂದುಕೊಂಡು ಪ್ರೊಡಕ್ಷನ್‌ನಲ್ಲಿ ಡಿಲೀಟ್ ಹೊಡೆದಿದ್ದರೆ ಮುಂದಿನ ಕಥೆ ಅರ್ಥವಾಗಿರುತ್ತೆ. ಇಲ್ಲಿ ಬ್ಯಾಕಪ್ ಕೂಡ ಇರಲಿಲ್ಲ.

ನಾನು ಹುಟ್ಟಿದ್ದೇ ಕತ್ತರಿ ಹಿಡಿದವರ ಮನೆಯಲ್ಲಿ, ಅದು ಇನ್ನೂ ನಾಚಿಕೆಯ ವಿಷಯ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ಹಳ್ಳಿ. ಎರಡು ಎಕರೆ ದ್ರಾಕ್ಷಿ, ಥಾಮ್ಸನ್ ಸೀಡ್‌ಲೆಸ್. ಹೆಚ್ಚಿನದು ಶೆಡ್‌ನಲ್ಲಿ ಒಣಗಿ ಮಣೂಕ ಆಗುತ್ತದೆ, ಅಂದ್ರೆ ಒಣದ್ರಾಕ್ಷಿ. ದ್ರಾಕ್ಷಿ ಗಿಡ ಕತ್ತರಿಸೋದಕ್ಕೆ ನಮ್ಮ ಕಡೆ ಚಾಟನಿ ಅಂತಾರೆ. ಮದುವೆಯಾದ ಹೊಸದರಲ್ಲಿ ಅವ್ವ ಫೋನಿನಲ್ಲಿ "ನಿಮ್ಮಪ್ಪ ಚಾಟನೀಗಿ ಹೋಗ್ಯಾನ" ಅಂದದ್ದು ಕೇಳಿ, ಮೈಸೂರಿನವನಾದ ನನ್ನ ಗಂಡ "ಚಟ್ನಿಗೆ ಅಷ್ಟು ದೂರ ಯಾಕೆ ಹೋಗ್ಬೇಕು?" ಅಂತ ನಿಜವಾಗ್ಲೂ ಕೇಳಿದ್ದ. ಆ ಜೋಕು ನಮ್ಮ ಮನೆಯಲ್ಲಿ ಇನ್ನೂ ನಡೀತಿದೆ.

ಚಾಟನಿ ವರ್ಷಕ್ಕೆ ಎರಡು ಸಲ. ಹಣ್ಣು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಒಂದು. ಆಗ ಕಡ್ಡಿಯನ್ನು ಒಂದು ಕಣ್ಣು ಉಳಿಸಿ ಚಿಕ್ಕದಾಗಿ ಕಡಿಯುತ್ತಾರೆ. ಆ ಕಣ್ಣಿನಿಂದ ಹೊಸ ಕಡ್ಡಿ ಬರುತ್ತೆ. ಬೇಸಿಗೆಯ ಬಿಸಿಲಿನಲ್ಲಿ ಆ ಹೊಸ ಕಡ್ಡಿಯ ಕಣ್ಣುಗಳ ಒಳಗೇ ಮುಂದಿನ ಗೊನೆ ತಯಾರಾಗಿ ಕೂತಿರುತ್ತೆ, ಹೊರಗೆ ಏನೂ ಕಾಣಲ್ಲ. ಎರಡನೆಯದು ಅಕ್ಟೋಬರ್ ಚಾಟನಿ. ಆಗ ಗೊನೆ ಇರೋ ಕಣ್ಣುಗಳನ್ನು ಉಳಿಸಿ ತುದಿ ತೆಗೆಯಬೇಕು. ಎಷ್ಟು ಕಣ್ಣು ಬಿಡಬೇಕು ಅನ್ನೋದರ ಮೇಲೆ ಇಡೀ ವರ್ಷದ ದುಡ್ಡು ನಿಂತಿರುತ್ತೆ. ಮೇಲಿಂದ ನಮ್ಮೂರಲ್ಲಿ ಗಿಡ ನಿದ್ದೆ ಮಾಡಿ ಏಳುವಷ್ಟು ಚಳಿಯೇ ಇಲ್ಲ. ಅದಕ್ಕೆ ಕತ್ತರಿಸಿದ ಮೇಲೆ ಕಣ್ಣುಗಳಿಗೆ ಹೈಡ್ರೋಜನ್ ಸೈನಮೈಡ್ ಹಚ್ಚಿ, ಚಳಿಗಾಲ ಮುಗೀತು ಏಳು ಅಂತ ಗಿಡಕ್ಕೆ ಸುಳ್ಳು ಹೇಳುತ್ತಾರೆ. ಅಪ್ಪ ಗ್ಲೌಸ್ ಹಾಕಿಕೊಂಡು ಅದನ್ನು ಹಚ್ಚೋ ದಿನ ನಮ್ಮನ್ನು ತೋಟದ ಹತ್ತಿರಕ್ಕೂ ಬಿಡ್ತಿರಲಿಲ್ಲ.

ಇದನ್ನೆಲ್ಲ ನೋಡಿಕೊಂಡೇ ಬೆಳೆದಿದ್ದೆ. ಆದರೂ ಎಂಜಿನಿಯರಿಂಗ್ ಮಾಡಿ, ವಿಡಿಯೋ ನೋಡಿ, ಎರಡು ಸಾಲು ಕಡಿದೆ.

ಆ ವರ್ಷ ಜೂನ್ ಕೊನೆಗೆ ಅಪ್ಪ, ಅವ್ವ ಮೊದಲ ಸಲ ಇಂಗ್ಲೆಂಡಿಗೆ ಬಂದರು. ವೀಸಾ ಆರು ತಿಂಗಳಿಗೆ ಇತ್ತು. ಆದರೆ ಅಪ್ಪ ಬರಬಹುದಾದದ್ದು ಎರಡು ಚಾಟನಿಯ ನಡುವೆ ಮಾತ್ರ. ಅದೂ ಚಿಕ್ಕಪ್ಪ ತೋಟ ನೋಡಿಕೊಳ್ತೀನಿ ಅಂದದ್ದಕ್ಕೆ ಆರೇಳು ವಾರ. ನಾನು ಫೋನಿನಲ್ಲಿ ಮೊದಲೇ ಆಸೆ ಹುಟ್ಟಿಸಿಬಿಟ್ಟಿದ್ದೆ. ಅಪ್ಪಾ, ಜುಲೈದಾಗ ರಾಸ್ಪ್‌ಬೆರಿ ಬರ್ತಾವ, ಬುಟ್ಟಿಗಟ್ಟಲೆ ತಿನ್ನೂಣು ಅಂತ. ಅಕ್ಕಪಕ್ಕದ ಪ್ಲಾಟುಗಳಲ್ಲಿ ಜುಲೈನಲ್ಲಿ ರಾಸ್ಪ್‌ಬೆರಿ ಕೆಂಪಾಗಿದ್ದನ್ನು ಹಿಂದಿನ ವರ್ಷ ಬೇಲಿಯಾಚೆಯಿಂದ ನೋಡಿದ್ದೆನಲ್ಲ, ನಮ್ಮದೂ ಹಾಗೇ ಅಂದುಕೊಂಡಿದ್ದೆ.

ಜುಲೈ ಮೊದಲ ಭಾನುವಾರ ಅಪ್ಪನನ್ನು ಕರೆದುಕೊಂಡು ಹೋದೆ. ಎರಡೂ ಸಾಲು ಹಸಿರಾಗಿ ಸೊಂಪಾಗಿ ನಿಂತಿದ್ದವು. ಒಂದೂ ಹಣ್ಣಿಲ್ಲ. ಪಕ್ಕದ ಪ್ಲಾಟಿನಲ್ಲಿ ಕೆಂಪು ಗೊಂಚಲು ತೂಗಾಡ್ತಿತ್ತು.

ಅಪ್ಪ ಹಣ್ಣಿನ ಮಾತೇ ಎತ್ತಲಿಲ್ಲ. ಎರಡು ಸಾಲಿನ ನಡುವೆ ನಿಂತು ಒಂದು ಕಡ್ಡಿಯನ್ನು ಬುಡದಿಂದ ತುದಿತನಕ ಬೆರಳಿನಲ್ಲಿ ಸವರಿದ. ಆಮೇಲೆ ಕಂಬ ನೋಡಿದ.

"ಯವ್ವಾ, ಈ ಸಾಲಿಗಿ ತಂತಿ ಐತಿ. ಆ ಸಾಲಿಗಿ ಇಲ್ಲ. ಯಾಕ?"

"ಗೊತ್ತಿಲ್ಲಪಾ. ಮೊದಲ ಇದ್ದವ್ರು ಹಾಕ್ಯಾರ."

"ಸುಮ್ಮನ ಯಾರರೆ ರೊಕ್ಕಾ ಖರ್ಚ ಮಾಡಿ ತಂತಿ ಎಳೀತಾರೇನ? ಈ ಸಾಲಿನ ಕಡ್ಡಿ ಚಳಿಗಾಲ ಪೂರ್ತಿ ನಿಂದ್ರಬೇಕು. ಅದಕ್ಕ ಕಟ್ಟ್ಯಾರ. ನೀ ಏನ ಮಾಡಿದಿ?"

ಹೇಳಿದೆ. ಅಪ್ಪ ಬೈಯಲಿಲ್ಲ. "ಯಾವ ಕಡ್ಡೀಗಿ ಹಣ್ಣ ಅಂತ ಕೇಳಬೇಕಿಲ್ಲೇನ" ಅಂದ, ಅಷ್ಟೇ. ಅವ್ವ ಮಾತ್ರ ಮನೆಗೆ ಬಂದಮೇಲೆ "ದ್ರಾಕ್ಷಿ ತೋಟದಾಗ ಹುಟ್ಟಿದಕಿ" ಅಂತ ಮೂರು ಸಲ ಅಂದಳು.

ಅಪ್ಪ ಜೀವಮಾನದಲ್ಲಿ ರಾಸ್ಪ್‌ಬೆರಿ ಗಿಡ ನೋಡಿದ್ದು ಅದೇ ಮೊದಲು. ಆದರೆ ಅವನು ಹೇಳಿದ್ದು ಅಕ್ಷರಶಃ ಸರಿ.

ಸಂಗತಿ ಇಷ್ಟು. ರಾಸ್ಪ್‌ಬೆರಿಯ ಬೇರು ವರ್ಷಾನುಗಟ್ಟಲೆ ಬದುಕುತ್ತೆ, ಆದರೆ ಮೇಲಿನ ಕಡ್ಡಿಗೆ ಎರಡೇ ವರ್ಷ ಆಯಸ್ಸು. ಬೇಸಿಗೆ ಜಾತಿಯ ಕಡ್ಡಿ ಮೊದಲ ವರ್ಷ ಬರೀ ಬೆಳೆಯುತ್ತೆ. ದಿನ ಚಿಕ್ಕದಾಗಿ ಚಳಿ ಶುರುವಾದಾಗ ಅದರ ಕಣ್ಣುಗಳಲ್ಲಿ ಹೂವಿನ ತಯಾರಿ ನಡೆಯುತ್ತೆ. ಚಳಿಗಾಲವನ್ನು ನಿಂತೇ ಕಳೆದು, ಎರಡನೇ ವರ್ಷ ಜೂನ್, ಜುಲೈನಲ್ಲಿ ಹಣ್ಣು ಕೊಟ್ಟು ಸಾಯುತ್ತೆ. ಅದನ್ನು ಫೆಬ್ರವರಿಯಲ್ಲಿ ಬುಡಕ್ಕೆ ಕಡಿದರೆ ಆ ವರ್ಷದ ಹಣ್ಣನ್ನೇ ಕಡಿದ ಹಾಗೆ. ಗಿಡ ಸಾಯಲ್ಲ, ಮತ್ತೆ ಚಿಗುರುತ್ತೆ. ಆದರೆ ಆ ಚಿಗುರಿಗೆ ಹಣ್ಣು ಬರಬೇಕಾದರೆ ಇನ್ನೊಂದು ಚಳಿಗಾಲ ಆಗಬೇಕು.

ಶರತ್ಕಾಲದ ಜಾತಿಗೆ ಅಷ್ಟು ತಾಳ್ಮೆ ಇಲ್ಲ. ವಸಂತದಲ್ಲಿ ನೆಲದಿಂದ ಎದ್ದ ಕಡ್ಡಿ ಅದೇ ವರ್ಷ ಆಗಸ್ಟ್ ಹೊತ್ತಿಗೆ ತುದಿಯಲ್ಲಿ ಹಣ್ಣು ಬಿಡುತ್ತೆ, ಹಿಮ ಬೀಳೋತನಕ ಬಿಡ್ತಾನೇ ಇರುತ್ತೆ. ಅದಕ್ಕೇ ಫೆಬ್ರವರಿಯಲ್ಲಿ ಎಲ್ಲ ಕಡಿದರೂ ನಷ್ಟವಿಲ್ಲ. ಬೇರಿನ ಶಕ್ತಿಯೆಲ್ಲ ಹೊಸ ಕಡ್ಡಿಗೆ ಹೋಗುತ್ತೆ. ಈ ಜಾತಿಗಳು ಜನಪ್ರಿಯವಾಗಿ ತುಂಬ ಕಾಲವೇನೂ ಆಗಿಲ್ಲ. ಅಮೆರಿಕದಲ್ಲಿ 'ಹೆರಿಟೇಜ್' ಅನ್ನೋ ತಳಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರದಿಂದ 1969ರಲ್ಲಿ ಬಂತು. ನಮ್ಮ ಪ್ಲಾಟಿನ 'ಆಟಮ್ ಬ್ಲಿಸ್' ಕೆಂಟ್ ಪ್ರಾಂತ್ಯದ ಈಸ್ಟ್ ಮಾಲಿಂಗ್ ಕೇಂದ್ರದ್ದು. ಎಲಿಜಬೆತ್ ಕೀಪ್ ಅನ್ನೋ ವಿಜ್ಞಾನಿ ಬೆಳೆಸಿದ ತಳಿ, 1980ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇಂಗ್ಲೆಂಡಿನ ಚಳಿ ಬರೋದರೊಳಗೆ ಬೇಗ ಹಣ್ಣಾಗಿ ಮುಗಿಸೋದೇ ಅದರ ಹೆಚ್ಚುಗಾರಿಕೆ.

ತಂತಿ ಇದ್ದ ಸಾಲು 'ಗ್ಲೆನ್ ಆಂಪಲ್', ಸ್ಕಾಟ್‌ಲೆಂಡಿನ ಬೇಸಿಗೆ ತಳಿ. ಇದನ್ನು ಹೇಳಿದ್ದು ಪಕ್ಕದ ಪ್ಲಾಟಿನ ಹಿರಿಯರು. ಅಂಚೆ ವ್ಯಾನ್ ಓಡಿಸಿ ರಿಟೈರ್ ಆದವರು. ನಾನು ಫೆಬ್ರವರಿಯಲ್ಲಿ ಕಡಿಯುವಾಗ ಅವರು ಬೇಲಿಯಾಚೆ ನಿಂತು ನೋಡಿದ್ದರಂತೆ. "ಮತ್ತೆ ಹೇಳಬಾರದಿತ್ತಾ?" ಅಂದರೆ, "ನೀವು ಅಷ್ಟು ಆತ್ಮವಿಶ್ವಾಸದಿಂದ ಕಡೀತಿದ್ರಿ, ಏನೋ ಯೋಚನೆ ಮಾಡೇ ಮಾಡ್ತಿದ್ದೀರಿ ಅಂದ್ಕೊಂಡೆ" ಅಂದರು. ಇಂಗ್ಲಿಷರ ಮರ್ಯಾದೆ ಒಮ್ಮೊಮ್ಮೆ ತುಂಬ ದುಬಾರಿ. ನಮ್ಮೂರಾಗಿದ್ರೆ ಮೂರು ಹೊಲದಾಚೆಯಿಂದಲೇ ಕೂಗಿ ನಿಲ್ಲಿಸ್ತಿದ್ರು.

ಅಪ್ಪ, ಅವ್ವ ಆಗಸ್ಟ್ ಎರಡನೇ ವಾರ ಹೊರಟರು. ಹೊರಡೋ ಹಿಂದಿನ ದಿನ ಅಪ್ಪ ಇನ್ನೊಂದು ಸಲ ಪ್ಲಾಟಿಗೆ ಬಂದಿದ್ದ. ಆಟಮ್ ಬ್ಲಿಸ್ ತುದಿಯಲ್ಲಿ ಹಸಿರು ಕಾಯಿ ಗಟ್ಟಿಯಾಗಿ ಕಟ್ಟಿದ್ದವು. ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದ. ಅವರು ಹೋಗಿ ಹತ್ತು ದಿನಕ್ಕೆ ಮೊದಲ ಹಣ್ಣು ಕೆಂಪಾಯಿತು. ಆಮೇಲೆ ನಿಲ್ಲಲೇ ಇಲ್ಲ. ಅಕ್ಟೋಬರ್ ಕೊನೆಯವರೆಗೆ ವಾರಕ್ಕೆ ಎರಡು ಡಬ್ಬ. ಫ್ರೀಜರ್ ತುಂಬ, ಆಫೀಸಿನ ಟೀಮಿಗೆ, ಕನ್ನಡ ಕೂಟದವರಿಗೆ, ಎಲ್ಲರಿಗೂ ಕೊಟ್ಟೆ.

ರಾಸ್ಪ್‌ಬೆರಿ ಬಿಡಿಸೋದರಲ್ಲಿ ಒಂದು ಮಜಾ ಇದೆ. ಪಕ್ವ ಆಗಿದ್ದರೆ ಮುಟ್ಟಿದ ಕೂಡಲೇ ಕಳಚಿ ಬರುತ್ತೆ, ಬಿಳೀ ದಿಂಡು ಗಿಡದಲ್ಲೇ ಉಳಿಯುತ್ತೆ. ಹಣ್ಣಿನ ಒಳಗೆ ಟೊಳ್ಳು, ಪುಟ್ಟ ಟೋಪಿಯ ಹಾಗೆ. ಬ್ಲ್ಯಾಕ್‌ಬೆರಿಯಾದರೆ ದಿಂಡೂ ಜೊತೆಗೇ ಬರುತ್ತೆ. ಇಲ್ಲಿನ ಮಕ್ಕಳು ರಾಸ್ಪ್‌ಬೆರಿಯನ್ನು ಹತ್ತೂ ಬೆರಳಿಗೆ ಸಿಕ್ಕಿಸಿಕೊಂಡು ಒಂದೊಂದೇ ತಿನ್ನುತ್ತಾರೆ. ನಾನು ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಹಾಗೆ ತೋರಿಸಿದೆ. ಅಪ್ಪ ನೋಡಿ, "ಚಾಟನಿ ನಡದೈತಿ, ಆಮ್ಯಾಲ ಮಾತಾಡ್ತೀನಿ" ಅಂತ ಇಟ್ಟ. ಅಕ್ಟೋಬರ್ ಅಲ್ವಾ.

ಆವತ್ತು ತಲೆಗೆ ಹೊಳೆಯಿತು. ಈ ಹಣ್ಣು ಕೆಂಪಾಗಿರೋವಾಗ ಅಪ್ಪ ಯಾವತ್ತೂ ಇಲ್ಲಿ ಇರೋದಕ್ಕೆ ಆಗಲ್ಲ. ಎರಡೂ ಕ್ಯಾಲೆಂಡರ್ ಒಂದರ ಮೇಲೊಂದು ಕೂರಲ್ಲ.

ಮಧ್ಯೆ ಒಂದು ಮಾತು ಹೇಳಿಬಿಡ್ತೀನಿ. ರಾಸ್ಪ್‌ಬೆರಿ ಬಗ್ಗೆ ಓದುವಾಗ 'ಮೈಸೂರು ರಾಸ್ಪ್‌ಬೆರಿ' ಅನ್ನೋ ಹೆಸರು ಸಿಕ್ಕಿ ನನ್ನ ಗಂಡ ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದ. ರೂಬಸ್ ನೀವಿಯಸ್ ಅಂತ ಅದರ ಶಾಸ್ತ್ರೀಯ ಹೆಸರು, ನಮ್ಮ ದೇಶದ್ದೇ ಗಿಡ, ಹಣ್ಣು ಮಾಗಿದರೆ ಕಪ್ಪು. ಇಂಗ್ಲೆಂಡಿನ ಜಾತಿಗಳ ಹಾಗೆ ಕಡು ಚಳಿ ಬೇಡದ ಕಾರಣ ಫ್ಲಾರಿಡಾದಂಥ ಸೆಕೆ ಜಾಗದಲ್ಲೂ ಬೆಳೀತಾರೆ. ಗಲಾಪಗೋಸ್ ದ್ವೀಪಗಳಲ್ಲಿ ಮಾತ್ರ ಅದು ಕಾಡನ್ನೇ ನುಂಗೋ ಕಳೆಯಾಗಿದೆ. ಮೈಸೂರಲ್ಲಿ ಹುಟ್ಟಿ ಬೆಳೆದ ನನ್ನ ಗಂಡ ಅದನ್ನು ಕಣ್ಣಲ್ಲೂ ನೋಡಿಲ್ಲ. ನಿಮ್ಮಲ್ಲಿ ಯಾರಾದರೂ ತಿಂದಿದ್ದರೆ ಬರೆಯಿರಿ, ಪಾಪ, ಅವನಿಗೆ ಸಮಾಧಾನ ಆಗಲಿ.

ತಂತಿ ಸಾಲಿನ ಕಥೆ ಚೆನ್ನಾಗಿ ಮುಗಿಯಲಿಲ್ಲ. ಆ ಚಳಿಗಾಲ ಪ್ಲಾಟಿನ ತಗ್ಗಿನ ಕಡೆ ವಾರಗಟ್ಟಲೆ ನೀರು ನಿಂತಿತು. ರಾಸ್ಪ್‌ಬೆರಿಗೆ ನೀರು ಬೇಕು, ಆದರೆ ಬೇರು ನೀರಿನಲ್ಲಿ ಕೂರಬಾರದು. 2025ರ ವಸಂತದಲ್ಲಿ ಎಲೆ ಬಂದು ಬಾಡಿ ಹೋಯಿತು. ಕಿತ್ತು ನೋಡಿದರೆ ಬೇರು ಕಂದಾಗಿ ಕೊಳೆತಿತ್ತು. ಗ್ಲೆನ್ ಆಂಪಲ್‌ಗೆ ಈ ರೋಗ ಬೇಗ ಹಿಡಿಯುತ್ತಂತೆ. ಅದೇ ಜಾಗದಲ್ಲಿ ಮತ್ತೆ ರಾಸ್ಪ್‌ಬೆರಿ ನೆಡಬಾರದು, ರೋಗ ಮಣ್ಣಿನಲ್ಲೇ ಇರುತ್ತೆ. ಈಗ ಅಲ್ಲಿ ಬೀನ್ಸ್ ಹಬ್ಬಿಸಿದ್ದೇವೆ, ತಂತಿ ವೇಸ್ಟ್ ಆಗಲಿಲ್ಲ. ಆದರೆ ಜುಲೈನಲ್ಲಿ ಹಣ್ಣು ಕೊಡೋ ಸಾಲು ಇಲ್ಲದ ಹಾಗಾಯಿತು.

ಅಪ್ಪ 2025ರಲ್ಲಿ ಬರಲಿಲ್ಲ. ಬಲಗೈ ಮಣಿಕಟ್ಟಿನಲ್ಲಿ ಜೋಮು, ರಾತ್ರಿ ನೋವು. ನರ ಒತ್ತಿಕೊಂಡಿದೆ, ಕತ್ತರಿ ಕೆಲಸ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದರು. ನಾನು ಸುಮ್ಮನೆ ಕೂತು ಲೆಕ್ಕ ಹಾಕಿದೆ. ಎಕರೆಗೆ ಸುಮಾರು ಸಾವಿರ ಗಿಡ, ಗಿಡಕ್ಕೆ ಮೂವತ್ತು ಕಡ್ಡಿ ಅಂದರೂ ಎರಡು ಎಕರೆಗೆ ಅರವತ್ತು ಸಾವಿರ ಸಲ ಕತ್ತರಿ ಒತ್ತಬೇಕು. ವರ್ಷಕ್ಕೆ ಎರಡು ಸಲ. ಆಳುಗಳು ಇರ್ತಾರೆ, ಆದರೆ ಅಪ್ಪ ಯಾವತ್ತೂ ಅವರ ಜೊತೆ ಒಂದು ಸಾಲು ತಾನೇ ಹಿಡೀತಿದ್ದ. ಮೂವತ್ತು ವರ್ಷ. ನಾನು ದಿನಕ್ಕೆ ಎಂಟು ಗಂಟೆ ಮೌಸ್ ಹಿಡಿದು ಮಣಿಕಟ್ಟು ನೋವು ಅಂತ ಕಂಪನಿಯಿಂದ ಸ್ಪೆಷಲ್ ಕೀಬೋರ್ಡ್ ತರಿಸಿಕೊಂಡವಳು.

ಹೋದ ಅಕ್ಟೋಬರ್‌ನ ಚಾಟನಿಯನ್ನು ಪೂರ್ತಿ ಹೊರಗಿನ ಗುಂಪಿಗೆ ಗುತ್ತಿಗೆ ಕೊಟ್ಟರು. ಅವರಿಗೆ ಎಕರೆ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಕೈ ಜೋರು. ಎಲ್ಲ ಕಡ್ಡಿಗೂ ಒಂದೇ ಅಳತೆಯಲ್ಲಿ ಕತ್ತರಿ ಆಡಿಸಿದ್ದಾರೆ, ಗೊನೆ ಇದ್ದ ಕಣ್ಣು ಎಷ್ಟೋ ಕಡೆ ನೆಲಕ್ಕೆ ಬಿದ್ದಿದೆ ಅಂತ ಚಿಕ್ಕಪ್ಪ ಹೇಳಿದ. ಅಪ್ಪ ನನ್ನ ಹತ್ತಿರ ಅದನ್ನು ಹೇಳಲೇ ಇಲ್ಲ. "ಈ ಸಲ ಗೊನಿ ಸ್ವಲ್ಪ ಕಡಿಮಿ" ಅಂದ.

ನಾನೂ ಅದೇ ಕೆಲಸ ಮಾಡಿದ್ದೆನಲ್ಲ, ನನಗೆ ಮಾತು ಬರಲಿಲ್ಲ.

ಈ ಫೆಬ್ರವರಿಗೆ ನನ್ನ ಹತ್ತಿರ ಒಂದು ಪ್ಲಾನ್ ಇತ್ತು. ಶರತ್ಕಾಲದ ಜಾತಿಯಿಂದ ಬೇಸಿಗೆಯಲ್ಲೂ ಹಣ್ಣು ತೆಗೀಬಹುದು. ಹೇಗೆ ಅಂದ್ರೆ, ಹೋದ ಸೀಸನ್ನಿನಲ್ಲಿ ಹಣ್ಣಾಗಿದ್ದು ಕಡ್ಡಿಯ ಮೇಲ್ತುದಿಯಲ್ಲಿ ಮಾತ್ರ. ಅದರ ಕೆಳಗಿನ ಕಣ್ಣುಗಳು ಇನ್ನೂ ಹಾಗೇ ಇವೆ. ಎಲ್ಲವನ್ನೂ ಬುಡಕ್ಕೆ ಕಡಿಯೋ ಬದಲು ಕೆಲವು ಗಟ್ಟಿ ಕಡ್ಡಿಗಳಲ್ಲಿ ಹಣ್ಣಾದ ತುದಿಯನ್ನಷ್ಟೇ ತೆಗೆದು ಕೆಳಭಾಗ ಬಿಟ್ಟರೆ, ಆ ಕಣ್ಣುಗಳು ಜೂನ್, ಜುಲೈನಲ್ಲಿ ಹಣ್ಣು ಕೊಡುತ್ತವೆ. ಕೊಟ್ಟ ಮೇಲೆ ಆ ಕಡ್ಡಿ ಸಾಯುತ್ತೆ, ಆಗ ಬುಡಕ್ಕೆ ಕಡಿಯಬೇಕು. ಶರತ್ಕಾಲದ ಫಸಲು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತೆ, ಅದಕ್ಕೆ ಪೂರ್ತಿ ಸಾಲನ್ನು ಹೀಗೆ ಬಿಡೋದಿಲ್ಲ. ಬಿಟ್ಟ ಕಡ್ಡಿಗಳು ಮುಂದಕ್ಕೆ ಹೊಸ ಚಿಗುರಿನ ನಡುವೆ ಕಳೆದುಹೋಗ್ತವೆ, ಹಾಗಾಗಿ ಗುರುತು ಕಟ್ಟಿಡಬೇಕು.

ನೋಡಿದ್ರಾ, ಇದು ಹೆಚ್ಚುಕಡಿಮೆ ಅಕ್ಟೋಬರ್ ಚಾಟನಿಯೇ. ತುದಿ ತೆಗೆ, ಕಣ್ಣು ಬಿಡು.

ಅಪ್ಪ, ಅವ್ವ ಈ ಜುಲೈನಲ್ಲಿ ಬರ್ತಾರೆ ಅಂತ ಮಾತಾಗಿತ್ತು. ಹನ್ನೆರಡು ಕಡ್ಡಿ ಅವರ ಪಾಲಿಗೆ ಅಂತ ಲೆಕ್ಕ ಹಾಕಿದೆ.

ಹೋದ ಭಾನುವಾರ ಬೆಳಗ್ಗೆ ಇಲ್ಲಿ ಮೂರು ಡಿಗ್ರಿ. ಮಣ್ಣು ಗಟ್ಟಿ. ಫೋನನ್ನು ಬಕೆಟ್ಟಿಗೆ ಆನಿಸಿ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದೆ. ಅಲ್ಲಿ ಮಧ್ಯಾಹ್ನ, ಅಪ್ಪ ಮಣೂಕ ಶೆಡ್ಡಿನ ನೆರಳಲ್ಲಿ ಕೂತಿದ್ದ. ಮಣಿಕಟ್ಟಿಗೆ ಪಟ್ಟಿ. ಕಳೆದ ಸಲ ಬಂದಾಗ ಅಪ್ಪ ಒಂದು ಚಾಟನಿ ಕತ್ತರಿ ಚೆಕ್-ಇನ್ ಬ್ಯಾಗಿನಲ್ಲಿ ತಂದು ಕೊಟ್ಟುಹೋಗಿದ್ದ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದು. ಅದನ್ನೇ ಹಿಡಿದಿದ್ದೆ.

"ಹಣ್ಣ ಎಲ್ಲೀತನ ಆಗಿತ್ತು, ತೋರಸು."

ಕಡ್ಡಿಯ ತುದಿ ಹತ್ತಿರ ಹಿಡಿದೆ. ಒಣಗಿದ ತೊಟ್ಟು, ಅದರ ಮೇಲೆ ಒಣ ದಿಂಡು. ಮೇಲಿನಿಂದ ಒಂದು ಅಡಿಯಷ್ಟು.

"ಅದರ ಕೆಳಗ ಕಡಿ. ಕಣ್ಣಿಗಿ ಹತ್ತಬಾರದು. ಓರಿ ಮಾಡಿ ಕಡಿ, ನೀರ ನಿಂದ್ರಬಾರದು. ಹಾಂ."

ಹನ್ನೆರಡು ಕಡ್ಡಿ ಹೀಗೇ ಮಾಡಿ, ಎಲ್ಲದಕ್ಕೂ ಕೆಂಪು ಉಲ್ಲನ್ ಕಟ್ಟಿದೆ. ಆಮೇಲೆ ಉಳಿದವನ್ನು ಬುಡಕ್ಕೆ ಕಡಿಯೋಕೆ ಶುರು ಮಾಡಿದೆ. ಇದರಲ್ಲಿ ಹೇಳಿಕೊಡುವಂಥದ್ದು ಹೆಚ್ಚಿಲ್ಲ. ನೆಲಕ್ಕೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ, ಮೋಟು ಉಳಿಸಬಾರದು. ಮಾರ್ಚ್‌ನಲ್ಲಿ ಹೊಸ ಚಿಗುರು ಏಳೋ ಮೊದಲು ಮುಗಿಸಬೇಕು, ತಡವಾದರೆ ಕಾಲಲ್ಲಿ ತುಳಿದು ಚಿಗುರೇ ಹಾಳು. ಸಾಲು ಬಿಟ್ಟು ದೂರದಲ್ಲಿ ಎದ್ದ ಮರಿಗಳನ್ನು ಕಿತ್ತು ಹಾಕಬೇಕು, ಇಲ್ಲದಿದ್ದರೆ ಮೂರು ವರ್ಷದಲ್ಲಿ ಪ್ಲಾಟೆಲ್ಲ ಅದರದ್ದೇ. ಬೇರು ಮೇಲ್ಮಣ್ಣಿನಲ್ಲೇ ಇರೋದರಿಂದ ಗುದ್ದಲಿ ಹಾಕಿ ಅಗೆಯಬಾರದು, ಕಳೆ ಕೈಯಲ್ಲೇ ತೆಗೀಬೇಕು. ಕೊನೆಗೆ ಮೇಲೆ ಎರಡು, ಮೂರು ಇಂಚು ಕಾಂಪೋಸ್ಟ್. ಅಣಬೆ ಬೆಳೆದ ಕಾಂಪೋಸ್ಟ್ ಮಾತ್ರ ಬೇಡ, ಅದರಲ್ಲಿ ಸುಣ್ಣ ಇರುತ್ತೆ, ರಾಸ್ಪ್‌ಬೆರಿಗೆ ಆಗಲ್ಲ.

ಅಪ್ಪ ಸುಮ್ಮನೆ ನೋಡ್ತಿದ್ದ. ನಾನು ಅರ್ಧ ಸಾಲು ಮುಗಿಸಿದಾಗ ಕೇಳಿದ.

"ಯವ್ವಾ, ಆ ಕೆಂಪು ಕಟ್ಟಿದ್ದು ಯಾಕ ಬಿಟ್ಟಿ?"

"ನೀ ಜುಲೈದಾಗ ಬರ್ತೀಯಲ್ಲಪಾ. ಅದಕ್ಕ."

"ಜುಲೈದಾಗ ಬರೂದಿಲ್ಲ. ಅವನ್ನೂ ಕಡಿ. ಸೆಪ್ಟೆಂಬರ್‌ದಾಗ ಬರ್ತೀವಿ, ನಾನೂ ನಿಮ್ಮವ್ವನೂ. ಗಿಡಾ ತಾನ ಯಾವಾಗ ಕೊಡ್ತೈತಿ, ಆವಾಗ ಬಂದ ತಿಂತೀನಿ. ದೀಪಾವಳಿ ಅಲ್ಲೇ ಮಾಡೂಣು."

ನಾನು ಎದ್ದು ನಿಂತೆ. "ಸೆಪ್ಟೆಂಬರ್‌ದಾಗ? ಚಾಟನಿ ಯಾರು ನೋಡ್ತಾರ?"

ಅಪ್ಪ ಫೋನ್ ಆ ಕೈಯಿಂದ ಈ ಕೈಗೆ ಬದಲಿಸಿದ. ಶೆಡ್ಡಿನ ತಗಡು ಕಾಣಿಸಿತು, ಆಮೇಲೆ ಮತ್ತೆ ಅವನ ಮುಖ.

"ತೋಟ ಲಾವಣಿಗಿ ಕೊಡೂದಂತ ಮಾಡೇನಿ. ಈ ಹಂಗಾಮ ಮುಗೀಲಿ. ಏಪ್ರಿಲ್ ಚಾಟನಿ ಒಂದ ನಾ ನಿಂತ ಮಾಡಿಸಿ ಕೊಡ್ತೀನಿ. ಮುಂದ ಅವ್ರು ನೋಡ್ಕೋತಾರ."

ಲಾವಣಿ ಅಂದ್ರೆ ನಮ್ಮ ಕಡೆ ಹೊಲವನ್ನು ವರ್ಷಕ್ಕಿಷ್ಟು ಅಂತ ಬೇರೆಯವರಿಗೆ ಉಳೋಕೆ ಕೊಡೋದು. ತಮ್ಮ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾನೆ, ನಾನು ಇಲ್ಲಿ. ಇಬ್ಬರಿಗೂ ಗೊತ್ತಿದ್ದದ್ದೇ, ಒಂದಲ್ಲ ಒಂದು ದಿನ ಹೀಗಾಗುತ್ತೆ ಅಂತ. ಆದರೂ ಆವತ್ತು ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ವರ್ಷಕ್ಕ?"

"ಐದ."

ಐದು ವರ್ಷ. ಆಗ ಅಪ್ಪನಿಗೆ ಅರವತ್ತೇಳು.

ಎರಡು ವರ್ಷದಿಂದ ಸೆಪ್ಟೆಂಬರ್‌ನಲ್ಲಿ ಅಪ್ಪ ಇಲ್ಲಿ ಇರಬೇಕು ಅಂತ ಆಸೆಪಟ್ಟವಳು ನಾನೇ. ಬೆರಳಿಗೆ ಸಿಕ್ಕಿಸಿಕೊಂಡು ತಿನ್ನೋದನ್ನು ಅವನಿಗೆ ಕಲಿಸಬೇಕು ಅಂತಿತ್ತು. ಈಗ ಅವನೇ ಬರ್ತೀನಿ ಅಂದಾಗ "ಬಾಪ್ಪಾ" ಅನ್ನೋದಕ್ಕೂ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಂದೆ. ಅಪ್ಪ ನೆಟ್‌ವರ್ಕ್ ಕಟ್ ಆಯ್ತು ಅಂದ್ಕೊಂಡಿದ್ದನಂತೆ.

"ಉಳದದ್ದು ಕಡಿ ಮತ್ತ, ಚಳಿಯಾಗ ನಿಂದ್ರಬ್ಯಾಡ" ಅಂದು ಇಟ್ಟ.

ಉಳಿದದ್ದನ್ನು ಕಡಿದೆ. ಕಡಿದ ಕಡ್ಡಿಗಳನ್ನು ಕಟ್ಟು ಕಟ್ಟಿ ಶೆಡ್ಡಿಗೆ ಆನಿಸಿದ್ದೇನೆ, ಬಟಾಣಿ ಹಬ್ಬಿಸೋದಕ್ಕೆ ಆಗುತ್ತೆ. ಗಂಡ ಕಾಂಪೋಸ್ಟ್ ಹೊತ್ತು ತಂದು ಸುರಿದ. ಕೆಂಪು ಉಲ್ಲನ್ ನೋಡಿ "ಇವನ್ನೂ ತೆಗೀಲಾ? ಮಾವ ಜುಲೈಗೆ ಬರಲ್ವಲ್ಲ" ಅಂತ ಕತ್ತರಿಗೆ ಕೈ ಚಾಚಿದ. ನಾಳೆ ನ್ಯಾರಿ ನೋಡೋಣ ಅಂದೆ. ಅಪ್ಪನ ಕತ್ತರಿಯನ್ನು ಒರೆಸಿ, ಎಣ್ಣೆ ಹಚ್ಚಿ ಎತ್ತಿಟ್ಟೆ.

ಫೆಬ್ರವರಿ ಮುಗಿಯೋದಕ್ಕೆ ಇನ್ನೂ ಎಂಟು ದಿನ ಇದೆ. ಹನ್ನೆರಡು ಕಡ್ಡಿ ಹಾಗೇ ನಿಂತಿವೆ.